ತೂಜಾ ಗಿಡಕ್ಕೆ ಎಷ್ಟು ಬಿಸಿಲು ಬೇಕು?



ತೂಜಾ ಗಿಡ ನೀವು ನೋಡಿರಬಹುದು. ಶಾಲೆಯ ಅಂಗಳದಲ್ಲಿ, ಮನೆಯ ಮುಂದೆ ಇದನ್ನು ಬೆಳೆಸುತ್ತಾರೆ. ಎಲೆ ಚಪ್ಪಟೆ. ನವಿಲುಗರಿಯ ಹಾಗೆ ಹರಡಿರುತ್ತದೆ. ಅದಕ್ಕೇ ಹಿಂದಿಯಲ್ಲಿ ಮೋರ್‌ಪಂಖಿ ಎನ್ನುತ್ತಾರೆ. ಇದರ ಎಲೆಯನ್ನು ಪುಸ್ತಕದಲ್ಲಿ ಇಟ್ಟರೆ ವಿದ್ಯೆ ಬರುತ್ತದೆ ಎಂದು ಎಷ್ಟೋ ಮಕ್ಕಳು ನಂಬುತ್ತಾರೆ. ನಮಗೆ ವಿದ್ಯೆ ಎಲೆಯಿಂದ ಬರಲಿಲ್ಲ, ಓದಿದ್ದರಿಂದ ಬಂತು. ಇರಲಿ, ಗಿಡ ಮಾತ್ರ ಬಲು ಚಂದ.

ಇದು ಚೀನಾ ದೇಶದ ಕಡೆಯ ಗಿಡ. ಹಿಮಾಲಯದ ದೇವದಾರು ಮರದ ದೂರದ ಬಳಗ. ವರ್ಷವಿಡೀ ಹಸಿರಾಗಿ ಇರುತ್ತದೆ.

ನಾವು ಮಾಡಿದ ತಪ್ಪು

ಇಳಕಲ್ಲಿನ ನಮ್ಮ ಓಣಿಗೆ ನಾವು ನಾಲ್ಕು ಮಂದಿ ಸೇರಿ ಒಂದು ಸಸಿ ತಂದೆವು. ಬಿಸಿಲಿಗೆ ಬಾಡೀತು ಎಂದು ಮಗ್ಗದ ಕೋಣೆಯ ಮೂಲೆಯಲ್ಲಿ ಇಟ್ಟೆವು. ತಿಂಗಳೊಳಗೆ ಎಲೆ ಮಂಕಾಯಿತು. ಗಿಡ ಕಿಟಕಿಯ ಕಡೆ ವಾಲಿತು.

"ದಿನಾ ನೀರ ಹಾಕೀನಿ. ಆದ್ರೂ ಯಾಕ ಹಿಂಗಾತವ್ವಾ?" ಎಂದಳು ಒಬ್ಬಾಕೆ.

"ಬಿಸಿಲ ಬೇಕ ಅದಕ್ಕ. ಮಾಳಗಿ ಮ್ಯಾಲ ಇಡ್ರಿ" ಎಂದಳು ಇನ್ನೊಬ್ಬಾಕೆ.

ಏಪ್ರಿಲ್ ತಿಂಗಳು. ನೇರ ಮಾಳಿಗೆಯ ಮೇಲೆ ಇಟ್ಟೆವು. ನಾಲ್ಕೇ ದಿನಕ್ಕೆ ಪಡುವಣದ ಮಗ್ಗಲು ಸುಟ್ಟು ಕೆಂಪಾಯಿತು.

ಬೆಳಕೇ ಒಲೆಯ ಉರಿ

ಎಲೆ ಎಂದರೆ ಗಿಡದ ಅಡುಗೆಮನೆ. ನೀರು, ಗಾಳಿ ಅಡುಗೆಯ ಸಾಮಾನು. ಬೆಳಕು ಒಲೆಯ ಉರಿ. ಉರಿ ಇಲ್ಲದಿದ್ದರೆ ರೊಟ್ಟಿ ಬೇಯುವುದಿಲ್ಲ. ಉರಿ ಹೆಚ್ಚಾದರೆ ರೊಟ್ಟಿ ಸೀಯುತ್ತದೆ. ಗಿಡದ ಮಾತೂ ಹಾಗೆಯೇ.

ಬೇವಿನ ಟೊಂಗೆ ಕಡಿದರೂ ಮತ್ತೆ ಚಿಗುರುತ್ತದೆ. ತೂಜಾ ಹಾಗಲ್ಲ. ಪೂರಾ ಒಣಗಿ ಬೋಳಾದ ಟೊಂಗೆ ಮತ್ತೆ ಹಸಿರಾಗುವುದಿಲ್ಲ. ಅದಕ್ಕೇ ಮೊದಲಿನಿಂದಲೂ ಜೋಪಾನ ಬೇಕು. ಒಳಗಿನ ಹಳೆಯ ಎಲೆ ತುಸು ಒಣಗಿ ಉದುರಿದರೆ ಮಾತ್ರ ಹೆದರಬೇಡಿ. ಅದು ಸಹಜ.

ಎಲ್ಲಿ ಇಡಬೇಕು?

ತೂಜಾ ಗಿಡಕ್ಕೆ ದಿನಕ್ಕೆ ಸುಮಾರು 6 ತಾಸು ಬಿಸಿಲು ಒಳ್ಳೆಯದು. ಮುಂಜಾನೆಯ ಎಳೆ ಬಿಸಿಲು ಎಲ್ಲಕ್ಕಿಂತ ಮೇಲು. ಆದ್ದರಿಂದ ಮನೆಯ ಮೂಡಣ ದಿಕ್ಕಿನ ಅಂಗಳ ಒಳ್ಳೆಯ ಜಾಗ.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಾದಾಮಿಯ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಿಸಿ ಇರುತ್ತವೆ. ಕಲ್ಲಿನ ಗೋಡೆ, ಮಾಳಿಗೆ, ಫರಸಿಯೂ ಹಾಗೆಯೇ. ಹುನಗುಂದವಾಗಲಿ, ಇಳಕಲ್ಲಾಗಲಿ, ಪಡುವಣ ಗೋಡೆಗೆ ತಾಗಿಸಿ ಕುಂಡ ಇಡಬೇಡಿ. ಮೇಲಿನಿಂದ ಬಿಸಿಲು, ಮಗ್ಗುಲಿನಿಂದ ಕಲ್ಲಿನ ಕಾವು. ಎಳೆ ಗಿಡ ತಡೆಯುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಹಳೆಯ ಸೀರೆ ಕಟ್ಟಿ ನೆರಳು ಮಾಡಿರಿ.

ಇನ್ನೊಂದು ಮಾತು. ಸೂರ್ಯನ ದಾರಿ ವರ್ಷವಿಡೀ ಒಂದೇ ಇರುವುದಿಲ್ಲ. ಮೇ ಮೊದಲ ವಾರ ನಡುಹಗಲಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ನೆರಳು ಕಾಲಡಿಗೆ ಸೇರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ಉತ್ತರದ ಗೋಡೆಯ ಬುಡಕ್ಕೆ ಬಿಸಿಲು ಬೀಳುವುದಿಲ್ಲ. ಕಾಲ ನೋಡಿ ಕುಂಡ ಸರಿಸಬೇಕು.

ಮೆಲ್ಲಗೆ ರೂಢಿ ಮಾಡಿರಿ

ನೆರಳಿನಲ್ಲಿ ಬೆಳೆದ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಇಡಬಾರದು. ಮೊದಲ ದಿನ ಮುಂಜಾನೆ 1 ತಾಸು ಇಡಿ. ದಿನ ದಿನ ತುಸು ಹೆಚ್ಚಿಸಿ. ಹತ್ತು ದಿನದಲ್ಲಿ ಗಿಡ ರೂಢಿಯಾಗುತ್ತದೆ.

ಎಲೆ ಬಾಡಿದರೆ ಕೂಡಲೇ ನೀರು ಸುರಿಯಬೇಡಿ. ಮಣ್ಣಿನಲ್ಲಿ ಬೆರಳು ಇಟ್ಟು ನೋಡಿ. ಹಸಿ ಇದ್ದರೆ ನೀರು ಬೇಡ. ನೀರು ನಿಂತರೆ ಬೇರು ಕೊಳೆಯುತ್ತದೆ.

ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಆರಂಭವಾಗಿದೆ. ತಾಲೂಕಿನಲ್ಲಿ ತೋಟಗಾರಿಕೆ ಇಲಾಖೆ ಇದೆ. ಸಂಶಯ ಬಂದರೆ ಕೇಳಿರಿ. ಕೇಳಲು ನಾಚಿಕೆ ಬೇಡ.

ನಮ್ಮ ಗಿಡ ಬದುಕಿದೆ. ಮೂಡಣದ ಅಂಗಳದಲ್ಲಿ ಹಸಿರಾಗಿ ನಿಂತಿದೆ. ಆದರೆ ಸುಟ್ಟ ಮಗ್ಗಲು ಇನ್ನೂ ಬೋಳು. ನಿಮ್ಮ ಗಿಡ ಹಾಗಾಗಬಾರದು. ಅದಕ್ಕೇ ಇದನ್ನು ಬರೆದೆವು.

ನೆನಪಿಡೋಣ

1. ಮುಂಜಾನೆಯ ಬಿಸಿಲು ಬೇಕು.
2. ಬೇಸಿಗೆಯ ಮಧ್ಯಾಹ್ನ ನೆರಳು ಬೇಕು.
3. ವಾರಕ್ಕೊಮ್ಮೆ ಕುಂಡ ತುಸು ತಿರುಗಿಸಬೇಕು. ಎಲ್ಲ ಮಗ್ಗಲಿಗೂ ಬೆಳಕು ಬೀಳಲಿ.

ನೋಡಿ ಬರೆಯಿರಿ

ನಿಮ್ಮ ಅಂಗಳಕ್ಕೆ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ? ಎಷ್ಟು ಗಂಟೆಗೆ ಹೋಗುತ್ತದೆ?