ನಿಜ ಕುದುರೆ, ಬೊಂಬೆ ಕುದುರೆ

ವಿಶೇಷ ಅಗತ್ಯವಿರುವ ಮಕ್ಕಳ ಚಿಕಿತ್ಸಕ ಕುದುರೆ ಸವಾರಿಯಲ್ಲಿ ಮಗು ಕುದುರೆಯ ಬೆನ್ನೇರುವ ಮೊದಲೇ ಪಾಠ ಶುರುವಾಗಿರುತ್ತದೆ. ಹೆಲ್ಮೆಟ್ ಹಾಕಿಕೊಂಡು ಕುದುರೆಯ ಮೈಯನ್ನು ಬ್ರಷ್ಷಿನಿಂದ ಉಜ್ಜಬೇಕು. ನೇರ ಹಿಂದಿನಿಂದ ಹೋಗಬಾರದು. ಕುದುರೆಗೆ ಅಲ್ಲಿ ಕಣ್ಣು ಹಾಯದು, ಬೆದರಿದರೆ ಒದೆಯುತ್ತದೆ. ಸವಾರಿಯಲ್ಲಿ ಒಬ್ಬರು ಮುಂದೆ ಹಗ್ಗ ಹಿಡಿದು ನಡೆಸುತ್ತಾರೆ, ಬೇಕಿದ್ದರೆ ಎರಡೂ ಬದಿಗೆ ಒಬ್ಬೊಬ್ಬರು ಮಗುವಿನ ಕಾಲಿಗೆ ಆಸರೆ ಕೊಡುತ್ತಾರೆ. 'ಹೊರಡು' ಎಂಬ ಮಾತು ಮಾತ್ರ ಮಗುವಿನ ಬಾಯಿಂದಲೇ ಬರಲಿ ಎಂದು ಬೋಧಕರು ಕಾಯುತ್ತಾರೆ. ಮಾತು ಬಂತೋ, ಅಷ್ಟು ದೊಡ್ಡ ಪ್ರಾಣಿ ಹೆಜ್ಜೆ ಎತ್ತುತ್ತದೆ!

ಇಂಥ ಸವಾರಿಗೆ ಪ್ರೇರಣೆಯಾದವರಲ್ಲಿ ಒಬ್ಬರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. ಅವರಿಗೆ 1944ರಲ್ಲಿ ಪೋಲಿಯೊ ತಗುಲಿ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತು. ಕುದುರೆ ಹತ್ತಿಳಿಯಲು ಇತರರ ನೆರವು ಬೇಕಿದ್ದ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆ ಡ್ರೆಸಾಜ್‌ನಲ್ಲಿ ಬೆಳ್ಳಿ ಗೆದ್ದರು. ಆ ಪದಕ ಅನೇಕರ ಕಣ್ಣು ತೆರೆಸಿತು. 1969ರಲ್ಲಿ ಬ್ರಿಟನ್ನಿನಲ್ಲೂ ಉತ್ತರ ಅಮೆರಿಕದಲ್ಲೂ ಅಂಗವೈಕಲ್ಯ ಇರುವವರ ಸವಾರಿಗೆಂದೇ ಸಂಘಗಳು ಹುಟ್ಟಿದವು. ಆಗೆಲ್ಲ ಗಮನ ಹೆಚ್ಚಾಗಿ ಮೈಯ ಮೇಲೆ: ಕುದುರೆಯ ನಡಿಗೆ ಸವಾರನ ಸೊಂಟವನ್ನು ನಾವು ನಡೆಯುವಾಗಿನಂತೆಯೇ ಆಡಿಸುತ್ತದೆ.

ಮನಸ್ಸಿನ ಮಾತು? ಕುದುರೆ ಮನಸ್ಸನ್ನು ಓದುತ್ತದೆ ಎನ್ನುವವರಿದ್ದಾರೆ. ಅದು ಓದುವುದು ಮೈಯನ್ನು. ಬೇಟೆಗೆ ಸಿಗುವ ಪ್ರಾಣಿಯಲ್ಲವೇ, ಬಿಗಿದ ತೊಡೆ, ಏರಿದ ದನಿ ಅದಕ್ಕೆ ಬೇಗ ತಿಳಿಯುತ್ತವೆ. ಹಾಗಾಗಿ ಸಿಟ್ಟಿನಲ್ಲಿರುವ ಮಗುವಿಗೆ ಉತ್ತರ ಉಪದೇಶದ ರೂಪದಲ್ಲಿ ಬರುವುದಿಲ್ಲ, ಕುದುರೆಯ ನಡೆಯಲ್ಲಿ ಬರುತ್ತದೆ.

ಸವಾರಿಯಿಂದ ಮಕ್ಕಳಲ್ಲಿ ಕಾಣುವ ಬದಲಾವಣೆ ಬರೀ ಹೊಸ ಜಾಗ, ಹೊಸ ಜನರ ಖುಷಿ ಇರಬಾರದೇಕೆ? ಅಮೆರಿಕದ ಕೊಲರಾಡೊದ ಸಂಶೋಧಕರು ಈ ಅನುಮಾನವನ್ನು ಜಾಣತನದಿಂದ ಎದುರಿಸಿದರು. 6ರಿಂದ 16 ವರ್ಷ ವಯಸ್ಸಿನ, ಆಟಿಸಂ ಇರುವ 127 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 10 ವಾರ ಸವಾರಿ, ಇನ್ನೊಂದಕ್ಕೆ ಅಷ್ಟೇ ವಾರ ಲಾಯದಲ್ಲೇ ಕುದುರೆಯ ಬಗ್ಗೆ ಪಾಠ. ಆದರೆ ಈ ಎರಡನೇ ಗುಂಪಿನ ಪಾಲಿಗೆ ಬಂದದ್ದು ನಿಜ ಕುದುರೆಯ ಗಾತ್ರದ ಬೊಂಬೆ ಕುದುರೆ. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸವಾರಿ ಗುಂಪಿನ ಮಕ್ಕಳ ಕಿರಿಕಿರಿ, ಅತಿಚಟುವಟಿಕೆ ಹೆಚ್ಚು ತಗ್ಗಿದ್ದವು. ಬಳಸುವ ಪದಗಳೂ ಹೆಚ್ಚಿದ್ದವು. ಬೊಂಬೆ ಅಷ್ಟು ಕೊಡಲಿಲ್ಲ.

ಸವಾರಿಯಿಂದ ಆಟಿಸಂ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖರ್ಚೂ ಕಡಿಮೆಯಲ್ಲ: ಮೇವು, ಲಾಳ, ಪಶುವೈದ್ಯರು, ಒಂದು ಮಗುವಿಗೆ ಮೂರು ನಾಲ್ಕು ಜನ. ಸೇರಿಸುವ ಮುಂಚೆ ಮಗುವಿನ ವೈದ್ಯರನ್ನು ಕೇಳಿ. ಬೋಧಕರು ಎಲ್ಲಿ ತರಬೇತಿ ಪಡೆದವರು, ಕುದುರೆಗೆ ದಿನಕ್ಕೆಷ್ಟು ಸವಾರಿ, ಎಷ್ಟು ಬಿಡುವು ಎಂಬುದನ್ನೂ ವಿಚಾರಿಸಿ. ದಣಿದ ಕುದುರೆಯ ಮೇಲೆ ಮಗುವನ್ನು ಕೂರಿಸಬೇಡಿ.