ಗೈಡಿಂಗ್ ಸಹಿತ ವಿಶಾಲಕ್ಷೇತ್ರ ಖಗೋಳ ಛಾಯಾಗ್ರಹಣ

ಗೈಡಿಂಗ್ ಸಹಿತ ವಿಶಾಲಕ್ಷೇತ್ರ ಖಗೋಳ ಛಾಯಾಗ್ರಹಣ ಎಂದರೆ ದೂರದರ್ಶಕದ ಬದಲು ಕ್ಯಾಮೆರಾ ಮಸೂರವನ್ನು ಬಳಸಿ, ಆಕಾಶದ ವಿಸ್ತಾರವಾದ ಭಾಗವನ್ನು ದೀರ್ಘಾವಧಿಯ ಎಕ್ಸ್‌ಪೋಷರ್‌ನಲ್ಲಿ ಚಿತ್ರಿಸುವ ವಿಧಾನ. ಚಿತ್ರಣ ನಡೆಯುವಷ್ಟು ಹೊತ್ತೂ ಇನ್ನೊಂದು ಚಿಕ್ಕ ಕ್ಯಾಮೆರಾ ಒಂದು ನಕ್ಷತ್ರವನ್ನು ಗಮನಿಸುತ್ತಾ ಮೌಂಟಿನ ಚಲನೆಯನ್ನು ತಿದ್ದುತ್ತಿರುತ್ತದೆ. ಈ ತಿದ್ದುಪಡಿಗೆ ಗೈಡಿಂಗ್ ಎಂದು ಹೆಸರು. ಆಕಾಶಗಂಗೆಯ ಭಾಗಗಳು, ದೊಡ್ಡ ನೀಹಾರಿಕೆಗಳು ಮತ್ತು ಉದ್ದ ಬಾಲದ ಧೂಮಕೇತುಗಳನ್ನು ಚಿತ್ರಿಸಲು ಈ ವಿಧಾನ ಸೂಕ್ತವಾಗಿದೆ.

ಇತಿಹಾಸ

1882ರ ಮಹಾ ಧೂಮಕೇತುವನ್ನು ಡೇವಿಡ್ ಗಿಲ್ ಅವರು ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿ, ದೂರದರ್ಶಕಕ್ಕೆ ಜೋಡಿಸಿದ ಸಾಮಾನ್ಯ ಕ್ಯಾಮೆರಾದಿಂದ ಚಿತ್ರಿಸಿದರು. ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಅವರು 1889ರಿಂದ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ 6 ಅಂಗುಲದ ಭಾವಚಿತ್ರ ಮಸೂರವೊಂದನ್ನು ಬಳಸಿ ಆಕಾಶಗಂಗೆಯನ್ನು ಚಿತ್ರಿಸಿದರು. ಆಗ ಗೈಡಿಂಗ್ ಕೈಯಿಂದಲೇ ನಡೆಯುತ್ತಿತ್ತು. ವೀಕ್ಷಕನು ಗಂಟೆಗಟ್ಟಲೆ ದೂರದರ್ಶಕದಲ್ಲಿ ಕಣ್ಣಿಟ್ಟು ನಕ್ಷತ್ರವನ್ನು ಅಡ್ಡಗೆರೆಗಳ ಮೇಲೆಯೇ ನಿಲ್ಲಿಸಿಕೊಳ್ಳಬೇಕಾಗಿತ್ತು.

ಗೈಡಿಂಗ್‌ನ ಅಗತ್ಯ

ಭೂಮಿಯ ಭ್ರಮಣದಿಂದಾಗಿ ಖಗೋಳ ವಿಷುವದ್ವೃತ್ತದ ಬಳಿಯ ನಕ್ಷತ್ರವು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ಆವರಿಸುತ್ತದೆ ಎಂಬುದನ್ನು ಹೀಗೆ ಲೆಕ್ಕ ಹಾಕಬಹುದು: ಮೈಕ್ರೋಮೀಟರ್‌ಗಳಲ್ಲಿ ಪಿಕ್ಸೆಲ್‌ನ ಅಳತೆಯನ್ನು 206ರಿಂದ ಗುಣಿಸಿ, ಮಿಲಿಮೀಟರ್‌ಗಳಲ್ಲಿ ಮಸೂರದ ಸಂಗಮ ದೂರದಿಂದ ಭಾಗಿಸಬೇಕು. 4 ಮೈಕ್ರೋಮೀಟರ್ ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ 50 ಮಿ.ಮೀ. ಮಸೂರಕ್ಕೆ ಇದು ಸುಮಾರು 16.5 ಆರ್ಕ್‌ಸೆಕೆಂಡ್, 135 ಮಿ.ಮೀ. ಮಸೂರಕ್ಕೆ 6.1 ಮತ್ತು 300 ಮಿ.ಮೀ. ಮಸೂರಕ್ಕೆ 2.7 ಆಗುತ್ತದೆ.

ಚಿಕ್ಕ ಟ್ರ್ಯಾಕರ್‌ಗಳ ಹಲ್ಲುಗಾಲಿಗಳಲ್ಲಿ ಹತ್ತಾರು ಆರ್ಕ್‌ಸೆಕೆಂಡ್‌ಗಳ ಆವರ್ತಕ ದೋಷವಿರುವುದು ಸಾಮಾನ್ಯ. 50 ಮಿ.ಮೀ. ಮಸೂರದಲ್ಲಿ ಒಂದೆರಡು ನಿಮಿಷಗಳ ಎಕ್ಸ್‌ಪೋಷರ್‌ಗೆ ಈ ದೋಷ ಅಷ್ಟಾಗಿ ಕಾಣುವುದಿಲ್ಲ. 135 ಮಿ.ಮೀ. ಮತ್ತು ಅದಕ್ಕೂ ಹೆಚ್ಚಿನ ಸಂಗಮ ದೂರದಲ್ಲಿ ಅದೇ ದೋಷದಿಂದ ನಕ್ಷತ್ರಗಳು ಗೆರೆಗಳಾಗುತ್ತವೆ. ಗೈಡಿಂಗ್ ಅಗತ್ಯವಾಗುವುದು ಇಲ್ಲಿಂದ ಮುಂದೆ.

ಸಲಕರಣೆಗಳ ಜೋಡಣೆ

ಸಾಮಾನ್ಯ ಜೋಡಣೆಯಲ್ಲಿ ವಿಷುವದೀಯ ಮೌಂಟ್, ಕ್ಯಾಮೆರಾ ಮತ್ತು ಮಸೂರ, ಗೈಡ್ ದೂರದರ್ಶಕ, ಗೈಡ್ ಕ್ಯಾಮೆರಾ ಹಾಗೂ ಕಂಪ್ಯೂಟರ್ ಇರುತ್ತವೆ. ಪಿಎಚ್‌ಡಿ2ನಂತಹ ತಂತ್ರಾಂಶವು ಕೆಲವೇ ಸೆಕೆಂಡುಗಳಿಗೊಮ್ಮೆ ನಕ್ಷತ್ರದ ಸ್ಥಾನವನ್ನು ಅಳೆದು ಮೌಂಟಿಗೆ ತಿದ್ದುಪಡಿಯ ಸಂಕೇತವನ್ನು ಕಳುಹಿಸುತ್ತದೆ. ನಕ್ಷತ್ರದ ಕೇಂದ್ರವನ್ನು ಪಿಕ್ಸೆಲ್‌ನ ಒಂದಂಶದಷ್ಟು ನಿಖರವಾಗಿ ಗುರುತಿಸಲು ಸಾಧ್ಯವಿರುವುದರಿಂದ, 120 ಮಿ.ಮೀ. ಸಂಗಮ ದೂರದ ಪುಟ್ಟ ಗೈಡ್ ದೂರದರ್ಶಕವೂ ಕ್ಯಾಮೆರಾ ಮಸೂರಗಳಿಗೆ ಸಾಕಾಗುತ್ತದೆ.

ಹೆಚ್ಚಿನ ತೊಂದರೆ ಬರುವುದು ಜೋಡಣೆಯ ಸಡಿಲತೆಯಿಂದ. ಮಸೂರ ಮತ್ತು ಗೈಡ್ ದೂರದರ್ಶಕ ಬೇರೆಬೇರೆಯಾಗಿ ಬಾಗಿದರೆ ಗೈಡ್ ನಕ್ಷತ್ರ ಸ್ಥಿರವಾಗಿ ಕಂಡರೂ ಮುಖ್ಯ ಚಿತ್ರದಲ್ಲಿ ನಕ್ಷತ್ರಗಳು ಎಳೆದಂತಾಗುತ್ತವೆ. ಇದನ್ನು ತಡೆಯಲು ಎರಡನ್ನೂ ಒಂದೇ ಗಟ್ಟಿ ಲೋಹದ ಪಟ್ಟಿಗೆ ಬಿಗಿಯಲಾಗುತ್ತದೆ. ಭಾರವಾದ ಮಸೂರವನ್ನು ಕ್ಯಾಮೆರಾದ ತಳದ ತಿರುಪಿನ ಮೇಲಷ್ಟೇ ನಿಲ್ಲಿಸದೆ ಉಂಗುರಗಳಿಂದ ಹಿಡಿಸಲಾಗುತ್ತದೆ. ತಂತಿಗಳು ಎಳೆಯದಂತೆ ಅವುಗಳನ್ನೂ ಕಟ್ಟಲಾಗುತ್ತದೆ.

ಧ್ರುವ ಹೊಂದಾಣಿಕೆ

ಗೈಡಿಂಗ್ ಇದ್ದರೂ ಮೌಂಟಿನ ಅಕ್ಷವನ್ನು ಖಗೋಳ ಧ್ರುವದತ್ತ ಸರಿಯಾಗಿ ತಿರುಗಿಸಿರಬೇಕು. ಹಲವು ಟ್ರ್ಯಾಕರ್‌ಗಳು ಪೂರ್ವ-ಪಶ್ಚಿಮ ದಿಕ್ಕಿನಲ್ಲಿ ಮಾತ್ರ ತಿದ್ದುಪಡಿ ಮಾಡಬಲ್ಲವು. ಹೊಂದಾಣಿಕೆಯಲ್ಲಿ 5 ಆರ್ಕ್‌ಮಿನಿಟ್ ತಪ್ಪಿದ್ದರೆ ನಕ್ಷತ್ರವು ಉತ್ತರ-ದಕ್ಷಿಣವಾಗಿ ನಿಮಿಷಕ್ಕೆ ಗರಿಷ್ಠ 1.3 ಆರ್ಕ್‌ಸೆಕೆಂಡ್ ಸರಿಯುತ್ತದೆ. ಇದು 5 ನಿಮಿಷಗಳಲ್ಲಿ ಮೇಲಿನ 135 ಮಿ.ಮೀ. ಮಸೂರದ ಒಂದು ಪಿಕ್ಸೆಲ್‌ಗೆ ಸಮ. ಎರಡೂ ಅಕ್ಷಗಳಲ್ಲಿ ಗೈಡಿಂಗ್ ಇದ್ದಾಗಲೂ ಹೊಂದಾಣಿಕೆ ತಪ್ಪಿದರೆ ಇಡೀ ಚಿತ್ರವು ಗೈಡ್ ನಕ್ಷತ್ರದ ಸುತ್ತ ನಿಧಾನವಾಗಿ ತಿರುಗುತ್ತದೆ. ವಿಶಾಲಕ್ಷೇತ್ರದಲ್ಲಿ ಅದರ ಪರಿಣಾಮ ಅಂಚುಗಳಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನಂತಹ ಸುಮಾರು 13 ಡಿಗ್ರಿ ಅಕ್ಷಾಂಶದ ಸ್ಥಳಗಳಲ್ಲಿ ಧ್ರುವ ನಕ್ಷತ್ರವು ಉತ್ತರ ದಿಗಂತಕ್ಕೆ ಹತ್ತಿರವಿದ್ದು ಮರ, ಕಟ್ಟಡ ಅಥವಾ ಮಂಜಿನ ಮರೆಗೆ ಸುಲಭವಾಗಿ ಸರಿಯುವುದರಿಂದ, ಉತ್ತರಕ್ಕೆ ತೆರೆದ ಜಾಗವನ್ನು ಆರಿಸಿಕೊಳ್ಳುವುದು ಅನುಕೂಲಕರ.