ಟ್ರಾಕ್ಟರಿನ ಜೊತೆಗೇ ಗಾಳಿ: ಯಾವ ಪಂಪು ಸೂಕ್ತ?

ಉಳುಮೆಯಲ್ಲಿ ಟ್ರಾಕ್ಟರಿನ ಹಿಂದಿನ ಟೈರಿಗೆ ಸುಮಾರು 12 ಪೌಂಡು ಗಾಳಿ ಸಾಕು. ಚಕ್ರ ಜಾರುವುದು ಕಡಮೆ. ಅದೇ ಗಾಳಿಯಲ್ಲಿ ಕಬ್ಬಿನ ಟ್ರೇಲರು ಎಳೆದರೆ ಟೈರಿನ ಪಕ್ಕ ಬಿರಿಯುತ್ತದೆ. ರಸ್ತೆಗೆ ಬರುವ ಮೊದಲು ತಯಾರಕರು ತಿಳಿಸಿದ ಮಟ್ಟಕ್ಕೆ ಏರಿಸಬೇಕು. ಹೊಲದ ಬಳಿ ಗಾಳಿ ಹಾಕುವವರಿಲ್ಲವಾದ್ದರಿಂದ ಪಂಪು ಜೊತೆಗಿರಬೇಕು.

ಪಂಪಿನ ಮೇಲೆ ಬರೆದ 150 ಪೌಂಡು ನೋಡಿ ಮರುಳಾಗಬೇಡಿ. ಇಲ್ಲಿ ಬೇಕಾದುದು ಒತ್ತಡಕ್ಕಿಂತ ಗಾಳಿಯ ಪ್ರಮಾಣ. 200 ಲೀಟರು ಒಳಜಾಗವುಳ್ಳ ಟೈರನ್ನು 12ರಿಂದ 18 ಪೌಂಡಿಗೆ ಏರಿಸಲು ಸುಮಾರು 80 ಲೀಟರು ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 15 ಲೀಟರು ಕೊಡುವ ಬ್ಯಾಟರಿ ಪಂಪಿಗೆ ಇದು ಐದಾರು ನಿಮಿಷದ ಕೆಲಸ. ಎರಡನೆಯ ಟೈರಿಗೆ ಬರುವಷ್ಟರಲ್ಲಿ ಪಂಪು ಕಾದಿರುತ್ತದೆ. ಟ್ರೇಲರೂ ಇರುವವರಿಗೆ ಎಂಜಿನಿನಿಂದ ಓಡುವ ಕಂಪ್ರೆಸರೇ ಲೇಸು.

ಟೈರಿನ ಮುಕ್ಕಾಲು ಭಾಗ ನೀರು ತುಂಬಿಸಿದ್ದರೆ ಮಾತ್ರ ಎಚ್ಚರ: ಗಾಳಿಗೆ ಜಾಗ ಕಡಮೆ, ಒತ್ತಡ ತಟಕ್ಕನೆ ಏರುತ್ತದೆ. ವಾಲ್ವನ್ನು ಮೇಲಕ್ಕೆ ತಂದು, ಆಗಾಗ ಅಳೆಯುತ್ತ ಹಾಕಿರಿ.